ಚರಗಿ ಅಂದರೆ ತಪ್ಪೇನು?

ಪತ್ರ: ಮಗಳಿಗೆ ನಾಲ್ಕು ವರ್ಷ, ಎಲ್‌ಕೆಜಿ. ಪಕ್ಕದ ಮನೆ ಹುಡುಗ ನೂರರ ತನಕ ಬರೆಯುತ್ತಾನೆ. ಇವಳು ಪೆನ್ಸಿಲ್ ಕೊಟ್ಟರೆ ಅಳುತ್ತಾಳೆ. ಅಜ್ಜಿ ರೊಟ್ಟಿ ಬಡಿಯುವಾಗ ಮಾತ್ರ ಪಕ್ಕದಿಂದ ಏಳುವುದಿಲ್ಲ. ದಿನವಿಡೀ ‘ಯಾಕ, ಯಾಕ’ ಅಂತ ತಲೆ ತಿನ್ನುತ್ತಾಳೆ. ಮೊಬೈಲ್ ಕೊಟ್ಟರೆ ಸುಮ್ಮನಾಗುತ್ತಾಳೆ. ‘ಅಜ್ಜಿ ಹತ್ತಿರ ಬಿಟ್ಟರೆ ಹಳ್ಳಿ ಮಾತೇ ಕಲಿಯುತ್ತಾಳೆ, ಮನೆಯಲ್ಲಿ ಇಂಗ್ಲಿಷ್ ಮಾತಾಡಿ’ ಎಂದು ಟೀಚರ್ ಹೇಳಿದರು. ನಾನು ಓದಿದ್ದು ಪಿಯುಸಿ. ಟ್ಯೂಷನ್‌ಗೆ ಹಾಕಲೇ?
– ಓದುಗರೊಬ್ಬರು, ಚಿತ್ತಾಪುರ

ಉತ್ತರ: ಬೇಡ ತಂಗಿ. ನಾಲ್ಕು ವರ್ಷದ ಕೂಸಿಗೆ ಎಂಥ ಟ್ಯೂಷನ್?

ಮೊದಲು ಟೀಚರ್ ಪರವಾಗಿ ಒಂದು ಮಾತು. ಇಂಗ್ಲಿಷ್ ಬೇಕು. ಅದು ಬಾರದೆ ನಮ್ಮ ಹುಡುಗರು ಬೆಂಗಳೂರಿನಲ್ಲಿ ಪಡುವ ಪಾಡು ನನಗೂ ಗೊತ್ತು. ಆಯ್ತಲ್ಲ, ಇನ್ನು ಮಗಳ ಅಜ್ಜಿಯ ವಿಷಯಕ್ಕೆ ಬರೋಣ.

ಅವರು ಬಿಸಿನೀರು ಹಾಕಿ ಹಿಟ್ಟು ನಾದುತ್ತಾರೆ. ನಿಂಬೆಹಣ್ಣಿನಷ್ಟು ಹಿಟ್ಟು ಮೊಮ್ಮಗಳ ಕೈಗೆ ಬರುತ್ತದೆ. ಅವಳು ಬಡಿಯುತ್ತಾಳೆ, ಅಂಚು ಸೀಳುತ್ತದೆ. ‘ಯಾಕ ಸೀಳ್ತು ಆಯಿ?’ ‘ನೀರು ಕಮ್ಮಿ ಆಗ್ಯಾದ, ಕೈ ಹಸಿ ಮಾಡ್ಕೊ.’ ಮುತ್ಯಾಗ ಎರಡು, ಅಪ್ಪಗ ಮೂರು, ಒಟ್ಟು ಎಷ್ಟು ಬಡೀಬೇಕು? ಅಷ್ಟರಲ್ಲಿ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತದೆ. ಒಳಗೆ ಏನಿದೆ, ಗಾಳಿಯೋ ನೀರೋ? ನೂರರ ತನಕ ಬರೆಯುವ ಪಕ್ಕದ ಮನೆ ಹುಡುಗನನ್ನು ಒಮ್ಮೆ ಕೇಳಿ ನೋಡಿ, ಐದು ರೊಟ್ಟಿಯಲ್ಲಿ ಎರಡು ತಿಂದರೆ ಎಷ್ಟು ಉಳಿಯುತ್ತದೆ ಅಂತ. ಹಂಚಿನಿಂದ ಮಾತ್ರ ಮಗುವನ್ನು ದೂರ ಕೂಡಿಸಿ.

ಬೇಳೆ ಹಸನು ಮಾಡುವಾಗಲೂ ಹಾಗೇ. ಮೊರದಲ್ಲಿನ ಹರಳನ್ನು ಮಗು ಎರಡು ಬೆರಳಲ್ಲಿ ಹಿಡಿದು ತೆಗೆಯುತ್ತದೆ. ನಾಳೆ ಪೆನ್ಸಿಲ್ ಹಿಡಿಯುವುದೂ ಅದೇ ಬೆರಳು. ಆ ಬೆರಳಿಗೆ ಇನ್ನೂ ಬಲ ಬಂದಿಲ್ಲ, ಅದಕ್ಕೇ ಅಳು. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಎಂಬ ಗುರುತು, ಸಿಕ್ಕಿತು ಅಂತ ಎದೆಯುಬ್ಬಿಸುತ್ತೇವೆ. ಅದೇ ತೊಗರಿಯ ಮೊರದ ಮುಂದೆ ಮಗಳು ಕೂತರೆ ಓದು ಹಾಳಾಯ್ತು ಅನ್ನುತ್ತೇವೆ!

ಇನ್ನು ಈ ‘ಹಳ್ಳಿ ಮಾತು’. ಅದನ್ನು ಓದಿದಾಗ ನನಗೆ ಸಿಟ್ಟೇ ಬಂತು. ಒಂದನೇ ತರಗತಿಯಲ್ಲಿ ಮೇಷ್ಟ್ರು ಚಿತ್ರ ತೋರಿಸಿ ಇದೇನು ಅಂದರು. ನಾನು ಕೈ ಎತ್ತಿ ‘ಚರಗಿ’ ಅಂದೆ. ‘ಚರಗಿ ಅಲ್ಲ, ಚೊಂಬು’ ಅಂದರು. ತರಗತಿ ನಕ್ಕಿತು. ನಕ್ಕವರ ಮನೆಯಲ್ಲೆಲ್ಲ ಇದ್ದದ್ದು ಚರಗಿಯೇ! ಆ ವರ್ಷ ನಾನು ಮತ್ತೆ ಕೈ ಎತ್ತಲಿಲ್ಲ. ‘ಹೌದು, ಚರಗಿ. ಚೊಂಬು ಅಂತಲೂ ಅಂತಾರೆ’ ಎಂದಿದ್ದರೆ ನನಗೆ ಒಂದರ ಬದಲು ಎರಡು ಮಾತು ಇರುತ್ತಿದ್ದವು, ಅಲ್ವಾ? ಬೀದರಿನ ಮಕ್ಕಳನ್ನು ನೋಡಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಬೀಗರ ಊರಿಗೆ ಹೋದರೆ ಮರಾಠಿ. ಯಾರಿಗೂ ತಲೆ ಕೆಟ್ಟಿಲ್ಲ.

ರಷ್ಯಾದ ವೈಗೋಟ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞ 1934ರಲ್ಲಿ, 37ನೇ ವಯಸ್ಸಿಗೇ ತೀರಿಕೊಂಡ. ಮಗು ಮೊದಲು ಬೇರೆಯವರ ಜೊತೆ ಮಾತಾಡುತ್ತದೆ, ಆಮೇಲೆ ಅದೇ ಮಾತು ಒಳಗೆ ಇಳಿದು ಯೋಚನೆ ಆಗುತ್ತದೆ ಎಂಬುದು ಅವನ ವಾದ. ಗುಜರಾತಿನ ಭಾವನಗರದ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. ಸ್ವಂತ ಮಗನಿಗೆ ಹೇಗೆ ಕಲಿಸಲಿ ಎಂಬ ಚಿಂತೆ ಹತ್ತಿ, ವಕೀಲಿ ಬಿಟ್ಟು, 1920ರಲ್ಲಿ ಬಾಲಮಂದಿರ ಎಂಬ ಪುಟ್ಟ ಮಕ್ಕಳ ಶಾಲೆ ಕಟ್ಟಿದರು. ಅಲ್ಲಿ ಕಥೆ, ಆಟ, ಹಾಡು. ಬೆತ್ತ ಇಲ್ಲ. ನೂರು ವರ್ಷದ ಹಿಂದಿನ ಮಾತು ಇದು. ನಾವು ಇನ್ನೂ ನಾಲ್ಕರ ಕೂಸಿಗೆ ಹೋಮ್‌ವರ್ಕ್ ಕೊಡುತ್ತಿದ್ದೇವೆ.

ನಿಮ್ಮನ್ನೂ ಸ್ವಲ್ಪ ಬೈಯಬೇಕು. ‘ಯಾಕ’ ಅಂದ ಮಗುವಿನ ಕೈಗೆ ಮೊಬೈಲ್ ಯಾಕೆ ಕೊಟ್ಟಿರಿ? ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅವಳ ಎಲ್ಲ ‘ಯಾಕ’ಗೂ ಉತ್ತರ ಗೊತ್ತಿರಬೇಕು ಅಂತೇನಿಲ್ಲ. ‘ನಿನಗೇನು ಅನಿಸ್ತದ?’ ಅಂತ ತಿರುಗಿ ಕೇಳಿ. ಇದಕ್ಕೆ ಪಿಯುಸಿ ಬೇಕಾದಷ್ಟಾಯಿತು, ಜಾಸ್ತಿಯೇ ಆಯಿತು. ರಾತ್ರಿ ಒಂದು ಒಡಪು, ಅಂದರೆ ಒಗಟು, ಹಾಕಿ: ‘ಹಸಿರು ಗಿಡದ ಮ್ಯಾಲ ಮೊಸರು ಚೆಲ್ಯಾದ.’ ಮಲ್ಲಿಗೆ ಅಂತ ತಕ್ಷಣ ಹೇಳಬೇಡಿ, ತಡಕಾಡಲಿ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮ ಕಲ್ಯಾಣ ಕರ್ನಾಟಕದ ಮಾನ ಹೋಗುತ್ತದೆ. 2024ರಲ್ಲಿ ಯಾದಗಿರಿ ಕೊನೆಗೆ, 2025ರಲ್ಲಿ ಕಲಬುರಗಿ ಕೊನೆಗೆ. ಕೂಡಲೇ ಸಭೆ, ನೋಟಿಸು, ವಿಶೇಷ ತರಗತಿ. ಹದಿನೈದರ ಹುಡುಗನಿಗೆ ಮದ್ದು ಹುಡುಕುತ್ತಾರೆ, ಮೂರರ ಕೂಸನ್ನು ಯಾರೂ ನೋಡುವುದಿಲ್ಲ. ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಸೀಟು ಬಂತು, ನೌಕರಿ ಬಂತು, ನಾನೂ ಅಂದು ಪೇಡಾ ಹಂಚಿದವನೇ. ಆದರೆ ಆ ಸೀಟಿನ ತನಕ ಮುಟ್ಟುವವರು ಎಷ್ಟು ಜನ? ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾರೆ. ಹಳ್ಳಿಯಲ್ಲಿ ಮಗುವಿಗೆ ಉಳಿದದ್ದು ಆಯಿ ಮತ್ತು ಅಂಗನವಾಡಿ. ಆ ಆಯಿಯ ಮಾತನ್ನೇ ನಾವು ತಪ್ಪು ಅಂದರೆ ಹೇಗೆ?

ಅಂದಹಾಗೆ, ನಿಮ್ಮ ಪತ್ರದ ಹಿಂದೆ ಮಗಳು ಏನೋ ಗೀಚಿದ್ದಾಳೆ. ಒಂದು ದುಂಡು, ಅದಕ್ಕೆ ಆರು ಕಾಲು, ಮೇಲೆ ಒಂದು ಬಾಲ. ನಮ್ಮ ಆಫೀಸಿನಲ್ಲಿ ಒಬ್ಬರು ಎಮ್ಮೆ ಅಂದರು, ಇನ್ನೊಬ್ಬರು ಜಾತ್ರೆಯ ತೇರು ಅಂದರು. ಅದೇನಂತ ಅವಳನ್ನೇ ಕೇಳಿ, ಅವಳು ಹೇಳಿದ ಹಾಗೇ ಬರೆದು ಕಳಿಸಿ.