ಸಯಾಟಿಕಾ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು): ಫಿಸಿಯೋಥೆರಪಿ ಶುರು ಮಾಡಿದ ಮೇಲೆ ಅಪ್ಪನ ಸೊಂಟನೋವು ಹೆಚ್ಚಾಗಿದೆ, ನಿಲ್ಲಿಸಬೇಕೇ?

ನಿಲ್ಲಿಸುವ ಮುನ್ನ ನಿಮ್ಮ ತಂದೆಯವರನ್ನು ಒಂದು ಮಾತು ಕೇಳಿ: ಪಾದದವರೆಗೆ ಇಳಿಯುತ್ತಿದ್ದ ನೋವು ಈಗ ಎಲ್ಲಿದೆ?

ಕಬ್ಬಿನ ಕಟಾವಿನ ನಂತರ ಅವರ ಬಲಗಾಲು ಪೂರ್ತಿ ಸೆಳೆಯುತ್ತಿತ್ತು, ಸೊಂಟದ ಎಲ್‌4–ಎಲ್‌5 ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ನರವನ್ನು ಒತ್ತುತ್ತಿದೆ ಎಂದು ಎಂಆರ್‌ಐ ವರದಿ ಹೇಳಿದೆ ಎಂದು ಬರೆದಿದ್ದೀರಿ. ಮಂಡ್ಯದಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು ಇಂಥವರನ್ನು ದಿನವೂ ನೋಡುತ್ತೇನೆ. ವ್ಯಾಯಾಮದಿಂದ ಪಾದದ ನೋವು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ ಸರಿದು ಸೊಂಟದಲ್ಲಿ ಬಂದು ನಿಂತರೆ, ಸೊಂಟ ಮೊದಲಿಗಿಂತ ಹೆಚ್ಚು ನೋಯುತ್ತಿದ್ದರೂ ಅದು ಒಳ್ಳೆಯ ಲಕ್ಷಣ; ಮುಂದುವರಿಸಿ. ಸೊಂಟ ಹಗುರಾಗಿ ಕಾಲಿನ ಜೋಮು ಕೆಳಕ್ಕೆ ಇಳಿದಿದ್ದರೆ ಆ ವ್ಯಾಯಾಮ ಅವರಿಗೆ ಒಗ್ಗುತ್ತಿಲ್ಲ. ಅದನ್ನು ಬಿಟ್ಟು ಚಿಕಿತ್ಸೆ ಕೊಡುವವರಿಗೆ ತಿಳಿಸಿ. ನೋವಿನ ಪ್ರಮಾಣಕ್ಕಿಂತ ಅದು ಸಾಗುವ ದಿಕ್ಕನ್ನು ನಾನು ಹೆಚ್ಚು ನಂಬುತ್ತೇನೆ.

ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವ ವ್ಯಾಯಾಮ ಡಿಸ್ಕ್ ತೊಂದರೆಯ ಅನೇಕರಿಗೆ ಹಿತ. ಆದರೆ ವಯಸ್ಸಾದ ಮೇಲೆ ನರದ ದಾರಿಯೇ ಕಿರಿದಾದವರಿಗೆ ಹಿಂದಕ್ಕೆ ಬಾಗಿದರೆ ನೋವು ಏರುತ್ತದೆ, ಮುಂದಕ್ಕೆ ಬಾಗಿದರೆ ಇಳಿಯುತ್ತದೆ. ಪಕ್ಕದ ಮನೆಯವರಿಗೆ ವಾಸಿಯಾಯಿತೆಂದು ಅವರ ವ್ಯಾಯಾಮವನ್ನೇ ಮಾಡಿಸಬೇಡಿ ಎನ್ನುವುದು ಇದಕ್ಕಾಗಿ.

ಕಾಲನ್ನು ಜಗ್ಗಿ ‘ನರ ಬಿಡಿಸುವವರ’ ಬಳಿಗಂತೂ ದಯವಿಟ್ಟು ಕರೆದೊಯ್ಯಬೇಡಿ. ಊದಿಕೊಂಡ ನರ ಎಳೆತವನ್ನು ಸಹಿಸುವುದಿಲ್ಲ, ಅದನ್ನು ಮೆಲ್ಲಗೆ ಜಾರಿಸಬೇಕು. ಚಡ್ಡಿಯ ಲಾಡಿಯನ್ನು ನೆನೆಯಿರಿ: ಎರಡೂ ತುದಿ ಹಿಡಿದು ಜಗ್ಗಿದರೆ ಬಿಗಿಯುತ್ತದೆ, ಒಂದು ತುದಿ ಸಡಿಲ ಬಿಟ್ಟು ಇನ್ನೊಂದನ್ನು ಎಳೆದರೆ ಸರಿಯುತ್ತದೆ. ಅದಕ್ಕೇ ಕುರ್ಚಿಯಲ್ಲಿ ಕೂರಿಸಿ, ಮಂಡಿ ನೀಡುವಾಗ ತಲೆ ಮೇಲೆತ್ತಲು, ಮಂಡಿ ಮಡಿಸುವಾಗ ತಲೆ ಬಗ್ಗಿಸಲು ಹೇಳುತ್ತೇವೆ. ಜೋಮು ಶುರುವಾಗುವ ಮೊದಲೇ ನಿಲ್ಲಿಸಬೇಕು. ಹಟ ಹಿಡಿದು ನೀಡಿದರೆ ರಾತ್ರಿ ನಿದ್ದೆ ಇರುವುದಿಲ್ಲ.

ಶಾಖ, ಕರೆಂಟ್ ಇಡಿಸುವುದು ತಾತ್ಕಾಲಿಕ ಸಮಾಧಾನ. ಅದಕ್ಕಾಗಿ ಮಾತ್ರ ಹಳ್ಳಿಯಿಂದ ಬಸ್ಸಿನಲ್ಲಿ ಕುಲುಕಿಕೊಂಡು ನಿತ್ಯ ಬರುವುದಕ್ಕಿಂತ, ಸರಿಯಾಗಿ ಕಲಿತ ವ್ಯಾಯಾಮವನ್ನು ಮನೆಯಲ್ಲೇ ದಿನಕ್ಕೆ ಕೆಲವು ಬಾರಿ ಮಾಡುವುದು ಮೇಲು. ಹಾಸಿಗೆ ಹಿಡಿಸಬೇಡಿ, ತೋಟದ ಬದುವಿನಲ್ಲಿ ಆಗುವಷ್ಟು ನಡೆಯಲಿ. ಬಗ್ಗಿ ಹೊರೆ ಎತ್ತುವುದು, ಎತ್ತಿಕೊಂಡೇ ಸೊಂಟ ತಿರುಗಿಸುವುದು ಸದ್ಯಕ್ಕೆ ಬೇಡ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ, ಶಸ್ತ್ರಚಿಕಿತ್ಸೆಯಿಲ್ಲದೆಯೇ, ನೋವು ಬಹಳಷ್ಟು ಇಳಿಯುತ್ತದೆ.

ಹೆಬ್ಬೆರಳನ್ನು ಮೇಲಕ್ಕೆತ್ತುವ ಶಕ್ತಿ ಕುಗ್ಗುತ್ತಿದೆಯೇ ಎಂದು ಪ್ರತಿದಿನ ಎರಡೂ ಕಾಲು ಹೋಲಿಸಿ ನೋಡಿ. ಕುಗ್ಗುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ತೊಡೆಸಂದು, ಗುದದ್ವಾರದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮದ ಮಾತೇ ಬೇಡ. ಬೆಳಗಾಗಲಿ ಎಂದು ಕಾಯದೆ, ಮಂಡ್ಯವಾಗಲಿ ಮೈಸೂರಾಗಲಿ, ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.