ಸಾಲ ಮಾಡಿ ಮಗಳನ್ನು ಬಿಎಸ್ಸಿ ನರ್ಸಿಂಗ್‌ಗೆ ಸೇರಿಸಬಹುದಾ?

ಮ್ಯಾನೇಜ್‌ಮೆಂಟ್ ಸೀಟಿಗೆ 6 ಲಕ್ಷ ಸಾಲ ಮಾಡಿದರೆ ತೀರಿಸೋಕಾಗುತ್ತಾ ಅಂತ ಕೇಳಿದ್ದೀರಿ. ಓದು ಖಂಡಿತ ಒಳ್ಳೆಯದು, ನನಗೆ ಭಯ ಸಾಲದ್ದು. ಶೇ 10 ಬಡ್ಡಿ, 7 ವರ್ಷ ಅಂದರೆ ತಿಂಗಳ ಕಂತೇ ಸುಮಾರು 10 ಸಾವಿರ. ಓದುವ 4 ವರ್ಷದ ಬಡ್ಡಿ ಕಟ್ಟದೆ ಬಿಟ್ಟರೆ ಇನ್ನೂ ಜಾಸ್ತಿ. ಹೊಸದಾಗಿ ಖಾಸಗಿ ಆಸ್ಪತ್ರೆ ಸೇರಿ 20 ಸಾವಿರ ಸಂಬಳ ಬಂದರೂ, ಪಿಜಿ ಬಾಡಿಗೆ, ಊಟ ಕಳೆದ ಮೇಲೆ ಕೈಯಲ್ಲಿ ಏನು ಉಳಿಯುತ್ತೆ ಹೇಳಿ?

ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್ ಆದರೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 44,900. ಆ ಕೆಲಸದ ನೇಮಕಾತಿ ಪರೀಕ್ಷೆಯಲ್ಲಿ ದುಬಾರಿ ಕಾಲೇಜಿಗೆ ಹೆಚ್ಚು ಅಂಕ ಕೊಡಲ್ಲ. ಹಾಗಾಗಿ ಮೊದಲು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ ಸರ್ಕಾರಿ ಸೀಟಿಗೆ ನೋಡಿ. ಸಿಗದಿದ್ದರೆ 3 ವರ್ಷದ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮಾಡಿಸಿ. ಸ್ವಲ್ಪ ದುಡಿದ ಮೇಲೆ ಜಿಎನ್‌ಎಂ ಮುಗಿಸಿದವರಿಗೆ ಇರುವ 2 ವರ್ಷದ ಪದವಿ, ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು.