ತಲೆಗೆ ಪೆಟ್ಟು, ರಕ್ತ ಪರೀಕ್ಷೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮೇಡಂ, ನನಗೆ 54 ವರ್ಷ. ಅಮ್ಮತ್ತಿ ಹತ್ತಿರ ಸ್ವಲ್ಪ ಕಾಫಿ ತೋಟ ಇದೆ. ಹೋದ ತಿಂಗಳು ಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದು, ತಲೆ ಸಿಲ್ವರ್ ಓಕ್ ಮರದ ಬುಡಕ್ಕೆ ಬಡಿಯಿತು. ಒಂದೆರಡು ನಿಮಿಷ ಎಚ್ಚರ ಇರಲಿಲ್ಲವಂತೆ. ಅವತ್ತೇ ಸಿಟಿ ಸ್ಕ್ಯಾನ್ ಮಾಡಿ, ಏನೂ ಇಲ್ಲ ಎಂದು ಮನೆಗೆ ಕಳಿಸಿದರು. ಮೂರು ವಾರವಾದರೂ ಸಂಜೆ ಹೊತ್ತಿಗೆ ತಲೆನೋವು. ಮೆಣಸು ಬಿಡಿಸುವ ಮೆಷಿನ್ನಿನ ಸದ್ದು ತಡೆಯಲಾಗುವುದಿಲ್ಲ. ಆಳುಗಳ ಕೂಲಿ ಲೆಕ್ಕವನ್ನು ಎರಡೆರಡು ಸಲ ಕೂಡಬೇಕು. ರಾತ್ರಿ ಬಲಕ್ಕೆ ಹೊರಳಿದರೆ ಕೋಣೆ ಗಿರ್ರನೆ ತಿರುಗುತ್ತದೆ, ಅದು ಗ್ಯಾಸ್ ಇರಬೇಕು. ಈ ತೊಂದರೆ ಉಳಿಯುತ್ತದೋ ಹೋಗುತ್ತದೋ ಎಂದು ಹೇಳುವ ರಕ್ತ ಪರೀಕ್ಷೆ ಬಂದಿದೆ, ಬನ್ನಿ ಎಂದು ಬೆಂಗಳೂರಿನಿಂದ ಮಗಳು ಕರೆಯುತ್ತಿದ್ದಾಳೆ. ಹೋಗಲೇ?
ಹೆಸರು ಬೇಡ, ಅಮ್ಮತ್ತಿ

ಉತ್ತರ: ಮಗಳನ್ನು ನೋಡಲು ಹೋಗಿ, ಆ ಪರೀಕ್ಷೆಗಾಗಿ ಹೋಗಬೇಡಿ. ಆದರೆ ಗ್ಯಾಸ್ ಎಂದು ನೀವು ಬದಿಗೆ ಸರಿಸಿದ ತಲೆಸುತ್ತಿಗಾಗಿ ಈ ವಾರವೇ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ.

ಮೊದಲು ಪರೀಕ್ಷೆಯ ವಿಷಯ. ಮಿದುಳಿಗೆ ಪೆಟ್ಟಾದಾಗ ಅದರ ಜೀವಕೋಶಗಳಿಂದ ಕೆಲವು ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ಜಿಎಫ್‌ಎಪಿ ಎಂಬುದು ನರಕೋಶಗಳಿಗೆ ಆಸರೆಯಾಗಿರುವ ಕೋಶಗಳಿಂದ ಬರುತ್ತದೆ, ಯುಸಿಎಚ್‌ಎಲ್‌-1 ನರಕೋಶಗಳಿಂದಲೇ ಬರುತ್ತದೆ. ಇವೆರಡನ್ನೂ ಅಳೆಯುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. 2024ರಲ್ಲಿ ಒಪ್ಪಿಗೆ ಪಡೆದ ಹೊಸ ರೂಪದಲ್ಲಿ ರೋಗಿಯ ಪಕ್ಕದಲ್ಲೇ ಸುಮಾರು 15 ನಿಮಿಷದಲ್ಲಿ ಫಲಿತಾಂಶ ಸಿಗುತ್ತದೆ. ಆದರೆ ಅದನ್ನು ಪೆಟ್ಟು ಬಿದ್ದ 24 ಗಂಟೆಯೊಳಗೆ ಮಾಡಬೇಕು. ಅದು ಉತ್ತರಿಸುವುದೂ ಒಂದೇ ಪ್ರಶ್ನೆಗೆ: ಈ ವ್ಯಕ್ತಿಗೆ ಸಿಟಿ ಸ್ಕ್ಯಾನ್ ಬೇಕೇ, ಬೇಡವೇ? ನಿಮಗೆ ಸ್ಕ್ಯಾನ್ ಆಗಿದೆ, 24 ಗಂಟೆಯೂ ಎಂದೋ ಕಳೆದಿದೆ.

ಮಗಳು ಕೇಳುತ್ತಿರುವುದು ಬೇರೆಯೇ ಪ್ರಶ್ನೆ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಅಮೆರಿಕದ 18 ದೊಡ್ಡ ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನವೊಂದು ಇದನ್ನೇ ನೋಡಿತು, ವರದಿ 2022ರಲ್ಲಿ ಬಂತು. ಪೆಟ್ಟಾದ ದಿನದ ರಕ್ತದಲ್ಲಿ ಈ ಪ್ರೋಟೀನುಗಳು ಎಷ್ಟಿದ್ದವು ಎಂಬುದರಿಂದ, ಆರು ತಿಂಗಳೊಳಗೆ ಯಾರು ಸಾಯಬಹುದು, ಯಾರಿಗೆ ತೀವ್ರ ಅಂಗವೈಕಲ್ಯ ಉಳಿಯಬಹುದು ಎಂಬುದನ್ನು ಚೆನ್ನಾಗಿ ಊಹಿಸಬಹುದಿತ್ತು. ನಿಮ್ಮಂತೆ ಓಡಾಡಿಕೊಂಡಿದ್ದೂ ಪೂರ್ತಿ ಸರಿಹೋಗದವರು ಯಾರು ಎಂದು ಹೇಳುವಲ್ಲಿ ಮಾತ್ರ ಅದು ಸೋತಿತು. ನರತಂತುಗಳಿಂದ ಬರುವ, ವಾರಗಟ್ಟಲೆ ರಕ್ತದಲ್ಲಿ ಉಳಿಯುವ ಎನ್‌ಎಫ್‌ಎಲ್ ಎಂಬ ಇನ್ನೊಂದು ಪ್ರೋಟೀನಿನ ಮೇಲೆ ಸಂಶೋಧಕರಿಗೆ ಆಸೆ ಇದೆ. ಅದು ವಯಸ್ಸಾದಂತೆ ತಾನಾಗಿಯೇ ಏರುವುದರಿಂದ, 54ರ ನಿಮ್ಮ ಅಂಕಿ ನೋಡಿ ಇಷ್ಟೇ ಎಂದು ಹೇಳುವುದು ಸುಲಭವಲ್ಲ.

ನನಗೆ ಇದರಲ್ಲಿ ಅಚ್ಚರಿಯಿಲ್ಲ. ಪೆಟ್ಟಿನ ನಂತರದ ಕಾಟವೆಲ್ಲ ಮಿದುಳಿನ ಗಾಯದಿಂದಲೇ ಬರುವುದಿಲ್ಲ. ಕತ್ತು ಉಳುಕಿರುತ್ತದೆ, ನಿದ್ದೆ ಕೆಟ್ಟಿರುತ್ತದೆ, ಹಳೆಯ ಅರೆತಲೆನೋವು ಮತ್ತೆ ಏಳುತ್ತದೆ, ಮನಸ್ಸಿಗೆ ದಿಗಿಲು ಹಿಡಿದಿರುತ್ತದೆ. ಮೊದಲ ದಿನಗಳಲ್ಲಿ ತೊಂದರೆ ಎಷ್ಟಿತ್ತು, ಮೊದಲೆಂದಾದರೂ ತಲೆಗೆ ಪೆಟ್ಟಾಗಿತ್ತೇ, ಖಿನ್ನತೆ ಆತಂಕಗಳಿದ್ದವೇ ಎಂದು ಎದುರು ಕೂತು ಕೇಳುವ ಡಾಕ್ಟರಿಗೆ ಇಂದಿಗೂ ಹೆಚ್ಚು ಗೊತ್ತಾಗುತ್ತದೆ.

ಕೋಣೆ ತಿರುಗುವುದು ಅಂಥ ಒಂದು ಸುಳಿವು. ಒಳಗಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ. ತಲೆ ಬಲವಾಗಿ ಬಡಿದಾಗ ಅವು ಜಾಗ ಬಿಟ್ಟು ಪಕ್ಕದ ನಾಳಕ್ಕೆ ಸೇರಿಬಿಡುತ್ತವೆ. ಆಮೇಲೆ ಮಗ್ಗುಲು ಬದಲಿಸಿದಾಗ, ಮೇಲೆ ನೋಡಿದಾಗ ಅರ್ಧ ನಿಮಿಷ ಲೋಕವೇ ತಿರುಗುತ್ತದೆ. ಒಂದೇ ಪಕ್ಕಕ್ಕೆ ಹೊರಳಿದಾಗ ಹೀಗಾಗುತ್ತದೆ ಎಂದು ಬರೆದಿದ್ದೀರಿ, ಅದು ಹೊಟ್ಟೆಯ ಲಕ್ಷಣವಲ್ಲ. ತಜ್ಞರು ನಿಮ್ಮನ್ನು ಮೇಜಿನ ಮೇಲೆ ಕೂರಿಸಿ, ತಲೆ ಹೊರಳಿಸಿ ಥಟ್ಟನೆ ಮಲಗಿಸಿ ಕಣ್ಣಾಲಿಗಳ ಅದುರಾಟ ನೋಡುತ್ತಾರೆ. ಹರಳುಗಳದೇ ತೊಂದರೆಯಾದರೆ ಅಲ್ಲೇ ತಲೆಯನ್ನು ಹಂತಹಂತವಾಗಿ ತಿರುಗಿಸಿ ಅವನ್ನು ಸ್ವಸ್ಥಾನಕ್ಕೆ ಕಳಿಸುತ್ತಾರೆ. ಎಪ್ಲಿ ಎನ್ನುವ ಈ ಚಿಕಿತ್ಸೆಗೆ ಕೆಲವೇ ನಿಮಿಷ ಸಾಕು, ಮಾತ್ರೆ ಬೇಡ. ಎಷ್ಟೋ ಜನರಿಗೆ ಒಂದೆರಡು ಸಲದಲ್ಲೇ ಗುಣವಾಗುತ್ತದೆ. ಅಲ್ಲಿಯವರೆಗೆ ದಯವಿಟ್ಟು ಏಣಿ ಹತ್ತಬೇಡಿ. ಬಳ್ಳಿಯ ತುದಿ ನೋಡಲು ತಲೆ ಎತ್ತಿದ ಕ್ಷಣದಲ್ಲೇ ಸುತ್ತು ಬಂದರೆ ಹಿಡಿಯಲು ಯಾರೂ ಇರುವುದಿಲ್ಲ.

ನೋವಿನ ಮಾತ್ರೆ ದಿನವೂ ನುಂಗಿದರೆ ಅದರಿಂದಲೇ ತಲೆನೋವು ಅಂಟಿಕೊಳ್ಳುತ್ತದೆ. ಕೂಲಿ ಲೆಕ್ಕ ಬೆಳಗ್ಗೆ ಬರೆಯಿರಿ, ಮಧ್ಯೆ ಎದ್ದು ಅಂಗಳದಲ್ಲಿ ನಡೆಯಿರಿ. ತಲೆನೋವು ದಿನೇದಿನೇ ಏರಿದರೆ, ವಾಂತಿ, ಮಂಪರು, ಒಂದು ಕೈ ಅಥವಾ ಕಾಲಿನ ಸೋಲು ಕಂಡರೆ ಅಂದೇ ಮತ್ತೆ ಸ್ಕ್ಯಾನ್ ಆಗಬೇಕು. ಮೊದಲ ಸ್ಕ್ಯಾನ್ ಸರಿ ಇದ್ದರೂ ವಾರಗಳ ಮೇಲೆ ಮಿದುಳಿನ ಹೊದಿಕೆಯಡಿ ರಕ್ತ ನಿಧಾನವಾಗಿ ಶೇಖರವಾಗುವುದುಂಟು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಮಾತು ನಿಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಪ್ರಶ್ನೆ: ಮಗನಿಗೆ 16. ಹಾಕಿ ಆಡುವಾಗ ಚೆಂಡು ತಲೆಗೆ ಬಡಿದು ಸ್ವಲ್ಪ ಹೊತ್ತು ತಬ್ಬಿಬ್ಬಾಗಿದ್ದ. ಡಾಕ್ಟರು ನೋಡಿ ಗಾಬರಿ ಬೇಡ ಎಂದಿದ್ದಾರೆ. ಈ ವಾರ ನಮ್ಮ ಒಕ್ಕದ, ಅಂದರೆ ಮನೆತನದ, ಟೀಮಿನಲ್ಲಿ ಆಡಲೇಬೇಕು ಎನ್ನುತ್ತಾನೆ. ರಕ್ತ ಪರೀಕ್ಷೆ ಸರಿ ಬಂದರೆ ಕಳಿಸಬಹುದೇ?
ಒಬ್ಬ ತಾಯಿ, ನಾಪೋಕ್ಲು

ಉತ್ತರ: ಬೇಡಮ್ಮ. ಮೇಲೆ ಹೇಳಿದ ಪರೀಕ್ಷೆಗೆ ಒಪ್ಪಿಗೆ ಇರುವುದು 18 ದಾಟಿದವರಿಗೆ. ಮೈದಾನಕ್ಕೆ ಇಳಿಯಬಹುದೇ ಎಂದು ಅದು ಹೇಳುವುದೂ ಇಲ್ಲ. ಮೊದಲ ಒಂದೆರಡು ದಿನ ಆರಾಮ, ಮೊಬೈಲ್ ಕಡಿಮೆ. ಕತ್ತಲ ಕೋಣೆಯಲ್ಲಿ ಮಲಗಿಸಿಡಬೇಕಿಲ್ಲ, ನಡೆದಾಡಲಿ. ನಂತರ ಶಾಲೆ, ಆಮೇಲೆ ಓಟ, ಆಮೇಲೆ ಒಬ್ಬನೇ ಸ್ಟಿಕ್ ಹಿಡಿದು ಅಭ್ಯಾಸ. ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ ಕೊಡಿ, ತಲೆನೋವು ಹೆಚ್ಚಾದರೆ ನಿಲ್ಲಿಸಿ. ಮೈದಣಿಯೆ ಓಡಿದರೂ ಏನೂ ಆಗದಿದ್ದಾಗ, ಡಾಕ್ಟರು ಒಪ್ಪಿದ ಮೇಲೆ, ಪಂದ್ಯ. ಇದಕ್ಕೆ ಕೆಲವು ವಾರ ಹಿಡಿಯಬಹುದು. ಟೀಮಿನ ಹಿರಿಯರಿಗೆ ನೀವೇ ಹೇಳಿ, ಡಾಕ್ಟರ ಚೀಟಿ ತೋರಿಸಿ. ಆ ವಯಸ್ಸಿನ ಹುಡುಗನ ಬಾಯಲ್ಲಿ 'ನಾನು ಆಡುವುದಿಲ್ಲ' ಎಂದು ಹೇಳಿಸಬೇಡಿ.